ಗಿಲೋಟಿನ್ ಬಂದಾಗ ಮಾತ್ರ ಎಚ್ಚರಾಗೋ ಕ್ಲಾಸು

ಫ್ರೆಂಚ್ ಕ್ರಾಂತಿ ನಮ್ಮ ಶಾಲೇಲಿ ಯಾವಾಗ್ಲೂ ಮಳೆಗಾಲದ ಪಾಠ. ಅಂಕೋಲಾ ತಾಲೂಕಿನ ಒಂದು ಹೈಸ್ಕೂಲು, ಹಂಚಿನ ಮಾಡು, ಮಳೆ ಜೋರಾಗಿ ಹೊಡೀತು ಅಂದ್ರೆ ನಾನು ಹೇಳಿದ್ದು ಎರಡನೇ ಬೆಂಚಿಗೂ ಕೇಳಲ್ಲ. ನಡುವೆ ಡಿಸಿ ರಜೆ, ಗಂಗಾವಳಿ ಏರ್ತು ಅಂತ ಮತ್ತೊಂದು ರಜೆ, ಪೋರ್ಷನ್ ಎಲ್ಲಿ ಬಿಟ್ಟಿದ್ದೆ ಅಂತ ನನಗೇ ನೆನಪಿರಲ್ಲ. ಮೂರು ವರ್ಗಗಳು, ತೆರಿಗೆ, ಬ್ರೆಡ್ಡಿನ ರೇಟು, ಟೆನಿಸ್ ಕೋರ್ಟ್ ಪ್ರತಿಜ್ಞೆ, ಇದೆಲ್ಲ ಹೇಳುವಾಗ ಅರ್ಧ ಕ್ಲಾಸು ನಿದ್ದೆ, ಉಳಿದರ್ಧ ಕಿಟಕಿಯಿಂದ ಹೊರಗೆ. ಆದ್ರೆ ಗಿಲೋಟಿನ್ (ತಲೆ ಕಡಿಯೋ ಯಂತ್ರ) ಅಂದ್ನೋ, ಅಷ್ಟೂ ತಲೆ ಒಟ್ಟಿಗೆ ಏಳುತ್ತೆ. ಹಿಂದಿನ ಬೆಂಚಿನ ಹುಡುಗ್ರು ಅದರ ಚಿತ್ರ ಬರೆಯೋದು ಎಷ್ಟು ಚೆನ್ನಾಗಿ ಅಂದ್ರೆ ಡ್ರಾಯಿಂಗ್ ಪರೀಕ್ಷೇಲಿ ಹಂಗೆ ಬರೆದ್ರೆ ಪಾಸಾಗ್ತಿದ್ರು. ಎಲ್ಲರಿಗೂ ಒಂದೊಂದು ಪ್ರಶ್ನೆ. ಬ್ಲೇಡು ಎಷ್ಟು ಕೆಜಿ, ತಲೆ ಬಿದ್ದ ಮೇಲೆ ಕಣ್ಣು ಪಿಳುಕಿಸ್ತಿತ್ತಂತೆ ಹೌದಾ ಟೀಚರ್, ಯೂಟ್ಯೂಬಲ್ಲಿ ತೋರ್ಸಿದ್ದಾರೆ. ರಾಜನ ತಲೆ ಹೋದ ದಿನ (1793, ಜನವರಿ 21) ಕ್ಲಾಸಲ್ಲಿ ಚಪ್ಪಾಳೆ ಬೀಳೋದು ಹೆಚ್ಚುಕಡಿಮೆ ಗ್ಯಾರಂಟಿ.

ಈ ಚಪ್ಪಾಳೆ ಬಗ್ಗೆ ನನಗೆ ಸಿಟ್ಟಿಲ್ಲ. ಹದಿನಾಲ್ಕು ವರ್ಷದ ಮಕ್ಕಳು, ಅನ್ಯಾಯ ಮಾಡಿದವನಿಗೆ ಶಿಕ್ಷೆ ಆಯ್ತು ಅಂತ ಅವರಿಗೆ ಖುಷಿ, ಅದು ಕೆಟ್ಟ ಬುದ್ಧಿ ಅಲ್ಲ. ನನ್ನನ್ನ ಕಾಡೋದು ಬೇರೆ. ಪಾಠದಲ್ಲಿ ನಿಜವಾಗಿ ಭಯ ಹುಟ್ಟಿಸಬೇಕಾದ ಭಾಗ ಬಂದಾಗ ಅವರು ಮತ್ತೆ ನಿದ್ದೆಗೆ ಹೋಗಿರ್ತಾರೆ, ಯಾಕಂದ್ರೆ ಅಲ್ಲಿ ರಕ್ತ ಇಲ್ಲ, ಬರೀ ಕಾಗದ. ಯಾವ ತಾರೀಕು ಯಾವ ಕಾನೂನು, ಯಾವ ಸಮಿತಿ, ಯಾವ ಕಲಮು. ಗೈಡಿನವರು ಇದನ್ನೆಲ್ಲ ಸೇರಿಸಿ ಒಂದು ಮಾರ್ಕಿನ ಉತ್ತರ ಮಾಡಿಟ್ಟಿದ್ದಾರೆ, ರೋಬೆಸ್ಪಿಯರ್ ಭೀಕರ ಆಡಳಿತ ನಡೆಸಿದನು, ಕೊನೆಗೆ ಅವನೂ ಗಿಲೋಟಿನ್‌ಗೆ ಬಲಿಯಾದನು. ಮಕ್ಕಳು ಅದನ್ನ ಬಾಯಿಪಾಠ ಮಾಡಿ ಬರೀತಾರೆ, ನಾನು ಟಿಕ್ ಹಾಕ್ತೀನಿ. ಕೆಟ್ಟವನು ಬಂದ, ಕೆಟ್ಟದ್ದು ಮಾಡಿದ, ಸತ್ತ. ಸೀರಿಯಲ್ ಕತೆ ಆಯ್ತಲ್ಲ ಇದು?

ಅಂದಹಾಗೆ ಆ ಯಂತ್ರನೇ ಒಂದು ಸುಧಾರಣೆಯಾಗಿ ಬಂದಿದ್ದು ಅಂದ್ರೆ ಮಕ್ಕಳು ನಂಬಲ್ಲ. ಅದಕ್ಕಿಂತ ಮುಂಚೆ ಶ್ರೀಮಂತನಿಗೆ ಕತ್ತಿ, ಬಡವನಿಗೆ ನೇಣು, ಇಲ್ಲಾಂದ್ರೆ ಚಕ್ರಕ್ಕೆ ಕಟ್ಟಿ ಮೂಳೆ ಮುರಿಯೋದು. ಸಾವಿನಲ್ಲಾದ್ರೂ ಸಮಾನತೆ ಇರ್ಲಿ, ನೋವು ಕಮ್ಮಿ ಆಗ್ಲಿ ಅಂತ ವಾದ ಮಾಡಿದ್ದು ಗಿಲೋಟಿನ್ ಅನ್ನೋ ಡಾಕ್ಟರು, ಪ್ರತಿನಿಧಿ ಸಭೆಯ ಸದಸ್ಯ. ಮೊದಲ ಯಂತ್ರ ಮಾಡಿಕೊಟ್ಟವನು ಹಾರ್ಪ್ಸಿಕಾರ್ಡ್ ಅನ್ನೋ ವಾದ್ಯ ಮಾಡ್ತಿದ್ದ ಕುಶಲಕರ್ಮಿ. 1792ರ ಏಪ್ರಿಲಲ್ಲಿ ಒಬ್ಬ ದರೋಡೆಕೋರನ ಮೇಲೆ ಮೊದಲ ಸಲ ಬಳಸಿದಾಗ ನೋಡೋಕೆ ಬಂದ ಜನಕ್ಕೆ ನಿರಾಸೆ ಆಯ್ತಂತೆ, ಇಷ್ಟು ಬೇಗ ಮುಗೀತಾ ಅಂತ. ಇದನ್ನ ಹೇಳಿದಾಗ ನಮ್ಮ ಕ್ಲಾಸಿನ ಮುಖ ನೋಡ್ಬೇಕು, ಅವರಿಗೂ ಅದೇ ನಿರಾಸೆ.

ಅಂತ್ಯ ಗೊತ್ತಿಲ್ಲದವರ ಹಾಗೆ

ನಮ್ಮ ಮನೇಲಿ ತಾಳಮದ್ದಲೆ ಹುಚ್ಚು ಜಾಸ್ತಿ, ಅಂದ್ರೆ ವೇಷ ಕುಣಿತ ಇಲ್ಲದೆ, ಕೂತಲ್ಲೇ ಪಾತ್ರವಾಗಿ ಮಾತಲ್ಲಿ ವಾದ ಮಾಡೋ ಯಕ್ಷಗಾನ. ಅಜ್ಜ ರಾತ್ರಿಯಿಡೀ ಕೂತು ಕೇಳ್ತಿದ್ರು, ಜೊತೆಗೆ ನನ್ನನ್ನೂ ಕರ್ಕೊಂಡು ಹೋಗ್ತಿದ್ರು, ನಾನು ಅವರ ಶಾಲು ಹೊದ್ದು ಅರ್ಧ ಕತೆಗೆ ನಿದ್ದೆ. ವಾಲಿ ಸಾಯ್ತಾನೆ ಅಂತ ಅಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತು, ಸಣ್ಣ ಮಕ್ಕಳಿಗೂ ಗೊತ್ತು. ಆದ್ರೆ ವಾಲಿಯ ಅರ್ಥ ಹೇಳುವವನು, ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ರಾಮ ಅಂತ ಶುರು ಮಾಡಿದ ಅಂದ್ರೆ, ಒಂದು ಗಳಿಗೆ ಸಭೆಗೆ ಅನುಮಾನ ಬರ್ಬೇಕು, ಇವನು ಗೆದ್ದುಬಿಡ್ತಾನಾ ಏನು ಅಂತ. ಹಂಗೆ ಅನುಮಾನ ಬರಲಿಲ್ಲ ಅಂದ್ರೆ ಅಜ್ಜ ಎದ್ದು ಹೊರಗೆ ಹೋಗಿ ಕವಳ ಹಾಕ್ತಿದ್ರು. ಪಾತ್ರಕ್ಕೆ ತನ್ನ ಅಂತ್ಯ ಗೊತ್ತಿರಬಾರದು ಅನ್ನೋದು ಅವರ ಲೆಕ್ಕ.

ಇತಿಹಾಸದ ಪಾಠದಲ್ಲಿ ನಾವು ಇದರ ಉಲ್ಟಾ ಮಾಡ್ತೀವಿ. 1789ರಿಂದಲೇ ಗಿಲೋಟಿನ್ ನೆರಳು ಬಿದ್ದಿರುತ್ತೆ, ರೋಬೆಸ್ಪಿಯರ್ ಮೊದಲ ಸಲ ಬಾಯಿ ತೆರೆಯೋಕೂ ಮುಂಚೆ ಮಕ್ಕಳಿಗೆ ಅವನು ರಾಕ್ಷಸ. ಹಾಗಾಗಿ ನಾನೀಗ ಹೆಸರು ಹೇಳದೆ ಶುರು ಮಾಡ್ತೀನಿ. ಒಬ್ಬ ವಕೀಲ, ಸಣ್ಣ ಊರಿನವನು, ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಳು, ಸ್ಕಾಲರ್‌ಶಿಪ್ಪಲ್ಲಿ ಓದಿದವನು. 1791ರ ಮೇ ತಿಂಗಳಲ್ಲಿ ಸಭೇಲಿ ಎದ್ದು ನಿಂತು ಮರಣದಂಡನೆ ತೆಗೆದುಹಾಕಿ ಅಂತಾನೆ. ಮನುಷ್ಯರ ತೀರ್ಪು ತಪ್ಪಾಗಬಹುದು, ತಪ್ಪಾಗಿ ಕೊಂದ ಮೇಲೆ ತಿದ್ದೋಕೆ ದಾರಿ ಇಲ್ಲ, ಕೈಗೆ ಸಿಕ್ಕವನನ್ನ ಸಮಾಜನೇ ಕೊಲ್ಲೋದು ನ್ಯಾಯ ಅಲ್ಲ, ಅದರಿಂದ ಅಪರಾಧ ಕಮ್ಮಿನೂ ಆಗಲ್ಲ. ಮುಂದೆ ಇಡೀ ಸಭೆ ಯುದ್ಧ ಬೇಕು ಅಂತ ಕುಣಿಯುವಾಗ ಬೇಡ ಅಂದ ಕೆಲವೇ ಜನರಲ್ಲಿ ಅವನೂ ಒಬ್ಬ. ಯಾರಿವನು ಹೇಳಿ ನೋಡೋಣ ಅಂದೆ. ಗಾಂಧೀಜಿ ಅಂತ ಒಂದು ಹುಡುಗಿ, ಅಂಬೇಡ್ಕರ್ ಅಂತ ಇನ್ನೊಬ್ಬ, ವಕೀಲ ಅಂದ್ನಲ್ಲ ಅದಕ್ಕೆ. ಇಸವಿ ನೋಡಿ ಮಾರಾಯ್ರೆ ಅಂದ್ರೆ ಯಾರಿಗೂ ಅದು ಲೆಕ್ಕಕ್ಕಿಲ್ಲ. ರೋಬೆಸ್ಪಿಯರ್ ಅಂದೆ. "ಸುಳ್ಳು ಟೀಚರ್" ಅಂತ ಮೂರ್ನಾಲ್ಕು ಜನ ಒಟ್ಟಿಗೆ, ಒಬ್ಬಳಂತೂ ಪುಸ್ತಕ ತೆಗೆದು ಹುಡುಕ್ತಾ ಕೂತ್ಲು.

ಅದೇ ಮನುಷ್ಯ 1792ರ ಡಿಸೆಂಬರ್ 3ಕ್ಕೆ, ಅಂದ್ರೆ ಒಂದೂವರೆ ವರ್ಷ ಕಳೆದು, ಲೂಯಿ ಸಾಯಲೇಬೇಕು ಯಾಕಂದ್ರೆ ದೇಶ ಬದುಕಬೇಕು ಅಂತಾನೆ. ಅಷ್ಟೇ ಅಲ್ಲ, ರಾಜನಿಗೆ ವಿಚಾರಣೆನೇ ಬೇಡ ಅಂತಾನೆ. ವಿಚಾರಣೆ ಅಂದ್ರೆ ಅವನು ನಿರಪರಾಧಿ ಆಗಿರಬಹುದು ಅಂತ ಒಪ್ಪಿದ ಹಾಗೆ, ಅವನು ನಿರಪರಾಧಿ ಆದ್ರೆ ನಾವೆಲ್ಲ ಯಾರು? ಅಪರಾಧಿಗಳಾ? ಈ ವಾದ ಹೇಳಿದಾಗ ಕ್ಲಾಸು ಒಂದು ಕ್ಷಣ ಸುಮ್ಮನಾಗುತ್ತೆ. ತಪ್ಪು ಎಲ್ಲಿದೆ ಅಂತ ಹುಡುಕ್ತಾರೆ, ಥಟ್ಟಂತ ಸಿಗಲ್ಲ. ಆ ನಡುವಿನ ಒಂದೂವರೆ ವರ್ಷದಲ್ಲಿ ಏನಾಯ್ತು ಅನ್ನೋದೇ ಪಾಠ. ರಾಜ ಓಡಿಹೋಗೋಕೆ ನೋಡಿ ವಾರೆನ್ ಅನ್ನೋ ಊರಲ್ಲಿ ಸಿಕ್ಕಿಬಿದ್ದ, ಯುದ್ಧ ಶುರುವಾಯ್ತು, ಸೋಲು ಶುರುವಾಯ್ತು, ಅರಮನೆ ಮೇಲೆ ದಾಳಿ ಆಯ್ತು, ಸೆಪ್ಟೆಂಬರ್ ಬಂತು.

ಸುದ್ದಿ ಯಾರು ತಂದ್ರು

1792ರ ಸೆಪ್ಟೆಂಬರ್ 2ರಿಂದ ಕೆಲವು ದಿನ ಪ್ಯಾರಿಸ್ಸಿನ ಜೈಲುಗಳಿಗೆ ಜನ ನುಗ್ಗಿ ಸಾವಿರದ ನೂರರಿಂದ ಸಾವಿರದ ನಾನೂರು ಕೈದಿಗಳನ್ನ ಕೊಂದ್ರು. ಯಾಕೆ ಅಂದ್ರೆ ಒಂದು ಸುದ್ದಿ. ಶತ್ರು ಸೈನ್ಯ ವೆರ್ಡನ್ ಕೋಟೆ ತನಕ ಬಂದಿದೆ, ನಮ್ಮ ಗಂಡಸರು ಗಡಿಗೆ ಹೊರಟ ಕೂಡ್ಲೇ ಜೈಲಲ್ಲಿರೋ ದ್ರೋಹಿಗಳು ಹೊರಗೆ ಬಂದು ಹೆಂಡತಿ ಮಕ್ಕಳನ್ನ ಕೊಲ್ತಾರೆ. ಸೈನ್ಯ ಬಂದಿದ್ದು ನಿಜ. ಜೈಲಿಂದ ಹೊರಗೆ ಬರ್ತಾರೆ ಅನ್ನೋದಕ್ಕೆ ಆಧಾರ ಇಲ್ಲ. ಸತ್ತವರಲ್ಲಿ ಬಹುಪಾಲು ಕಳ್ಳತನ, ಖೋಟಾನೋಟು ಅಂತ ಒಳಗೆ ಹೋದ ಸಾಮಾನ್ಯ ಕೈದಿಗಳು, ಅವರಿಗೆ ರಾಜನೂ ಗೊತ್ತಿಲ್ಲ, ಆಸ್ಟ್ರಿಯಾನೂ ಗೊತ್ತಿಲ್ಲ.

ಇಲ್ಲಿ ನಾನು ಹೋಲಿಕೆ ಕೊಡೋಕೆ ಹೋಗಲ್ಲ. ಹಿಂದೆ ಸ್ಟಾಫ್ ರೂಮಲ್ಲಿ ಒಬ್ಬ ಸಹೋದ್ಯೋಗಿ, ಇವತ್ತಿನ ವಿಷಯಕ್ಕೆ ಕನೆಕ್ಟ್ ಮಾಡ್ದೆ ಇದ್ರೆ ಇತಿಹಾಸ ಯಾಕೆ ಅಂತ ಕೇಳಿದ್ರು, ನನಗೆ ಅದು ಒಪ್ಪಿಗೆ ಇಲ್ಲ. ಟೀಚರ್ರೇ ಕನೆಕ್ಟ್ ಮಾಡಿದ್ರೆ ಮಕ್ಕಳು ಟೀಚರ್ ಯಾವ ಪಾರ್ಟಿ ಅಂತ ಲೆಕ್ಕ ಹಾಕ್ತಾರೆ, ಪಾಠ ಅಲ್ಲಿಗೆ ಮುಗೀತು. ಆದ್ರೆ ಅವರೇ ಎತ್ತಿದ್ರೆ ತಡೆಯಲ್ಲ. 2017ರ ಡಿಸೆಂಬರಲ್ಲಿ ಹೊನ್ನಾವರ, ಕುಮಟಾ, ಶಿರಸಿ ಕಡೆ ಗಲಾಟೆ ಆದಾಗ ಈ ಮಕ್ಕಳು ಆರೇಳು ವರ್ಷದವರು, ಅವರಿಗೆ ನೆನಪಿರೋದು ಇಷ್ಟೇ, ಮನೆಯಿಂದ ಹೊರಗೆ ಬಿಡಲಿಲ್ಲ, ದೊಡ್ಡವರೆಲ್ಲ ಮೊಬೈಲ್ ಹಿಡ್ಕೊಂಡು ಒಬ್ಬರಿಗೊಬ್ಬರು ತೋರಿಸ್ತಿದ್ರು. ಒಬ್ಬ ಹುಡುಗ ಎದ್ದು ಹೇಳಿದ, "ಟೀಚರ್, ನಮ್ಮ ಚಿಕ್ಕಪ್ಪಂಗೆ ಬಂದ ವಿಡಿಯೋ ನಮ್ಮ ಜಿಲ್ಲೆದೇ ಅಲ್ವಾಗಿತ್ತಂತೆ, ಆಮೇಲೆ ಗೊತ್ತಾಯ್ತಂತೆ." ಆಮೇಲೆ ಅಂದ್ರೆ ಯಾವಾಗ ಅಂತ ಪಕ್ಕದವಳು ಕೇಳಿದ್ಲು. ಅವನಿಗೆ ಗೊತ್ತಿರಲಿಲ್ಲ. ನಾನು ಪ್ಯಾರಿಸ್ಸಿಗೆ ವಾಪಸ್ ಬಂದೆ.

ಆರು ತಿಂಗಳು ಬಿಟ್ಟು, 1793ರ ಮಾರ್ಚಲ್ಲಿ, ಕ್ರಾಂತಿಯ ಇನ್ನೊಬ್ಬ ನಾಯಕ ಡಾಂಟನ್ ಸಭೇಲಿ ಹೇಳೋದು, ನಾವೇ ಭಯಂಕರ ಆಗೋಣ, ಜನ ಭಯಂಕರ ಆಗೋದು ತಪ್ಪಲಿ ಅಂತ. ಜನ ಬೀದೀಲಿ ಕೊಲ್ಲೋದಕ್ಕಿಂತ ಒಂದು ಕೋರ್ಟು ಮಾಡೋದು ವಾಸಿ ಅಲ್ವಾ? ಹೀಗೆ ಬಂತು ಕ್ರಾಂತಿ ನ್ಯಾಯಮಂಡಳಿ. ಕೈ ಎತ್ತಿ ಅಂದ್ರೆ ನಮ್ಮ ಕ್ಲಾಸಲ್ಲಿ ಇದಕ್ಕೆ ಎಲ್ಲರದ್ದೂ ಕೈ. ನಾನು ಅಲ್ಲಿದ್ರೆ ನಾನೂ ಎತ್ತುತಿದ್ದೆ. ಒಂದು ವರ್ಷದಲ್ಲಿ ಅದೇ ಕೋರ್ಟಿನ ಕಟಕಟೇಲಿ ಡಾಂಟನ್ ನಿಂತ, 1794ರ ಏಪ್ರಿಲ್ 5ಕ್ಕೆ ಅವನ ತಲೆ ಹೋಯ್ತು.

ಅರ್ಥಗಾರಿಕೆ

ಈ ಸಲ ಒಂದು ಪ್ರಯೋಗ ಮಾಡಿದೆ, ಪೂರ್ತಿ ಅಜ್ಜನ ಪ್ರಭಾವ. ಕ್ಲಾಸಲ್ಲಿ ತಾಳಮದ್ದಲೆ. ವೇಷ ಇಲ್ಲ, ಭಾಗವತಿಕೆ ಇಲ್ಲ, ಎದುರು ಬದುರು ಎರಡು ಕುರ್ಚಿ. ರೋಬೆಸ್ಪಿಯರ್ ಮತ್ತು ಕ್ಯಾಮಿಲ್ ಡೆಮುಲಾ. ಈ ಕ್ಯಾಮಿಲ್ ಬಗ್ಗೆ ಪುಸ್ತಕದಲ್ಲಿ ಇರಲ್ಲ, ಆದ್ರೆ ಮಕ್ಕಳಿಗೆ ಇವನು ಬೇಗ ಹಿಡಿಸ್ತಾನೆ. ಬ್ಯಾಸ್ಟಿಲ್ ಸೆರೆಮನೆ ಬೀಳೋ ಎರಡು ದಿನ ಮುಂಚೆ ಕೆಫೆಯ ಮೇಜು ಹತ್ತಿ ನಿಂತು ಜನರನ್ನ ಎಬ್ಬಿಸಿದವನು, ಪತ್ರಕರ್ತ, ಮಾತಾಡುವಾಗ ಉಗ್ಗುತಿದ್ದ. ರೋಬೆಸ್ಪಿಯರ್‌ನ ಜೊತೆ ಒಂದೇ ಶಾಲೇಲಿ ಓದಿದವನು, ಅವನ ಮದುವೆಗೆ ರೋಬೆಸ್ಪಿಯರ್ ಸಾಕ್ಷಿ ಸಹಿ ಹಾಕಿದ್ದ. ಹಾಗಂತ ಪಾಪದವನೇನಲ್ಲ, ಸಭೆಯಲ್ಲಿನ ಎದುರು ಬಣವಾದ ಜಿರೊಂಡಿನ್ ಗುಂಪಿನವರ ಮೇಲೆ ಇವನು ಬರೆದ ವಿಷನೇ ಅವರನ್ನ ಗಿಲೋಟಿನ್‌ಗೆ ಕಳಿಸೋಕೆ ದಾರಿ ಆಯ್ತು. 1793ರ ಡಿಸೆಂಬರಲ್ಲಿ ಇವನಿಗೆ ಸಾಕು ಅನ್ಸುತ್ತೆ. ಶಂಕಿತರು ಅಂತ ಒಳಗೆ ಹಾಕಿದ ಎರಡು ಲಕ್ಷ ಜನರನ್ನ ಬಿಡಿ, ಒಂದು ಕ್ಷಮಾ ಸಮಿತಿ ಮಾಡಿ ಅಂತ ತನ್ನ ಪತ್ರಿಕೇಲಿ ಬರೀತಾನೆ.

ರೋಬೆಸ್ಪಿಯರ್ ಆದ ಹುಡುಗನ ಅಪ್ಪ ಮೇಳದಲ್ಲಿ ಮದ್ದಳೆ ಬಾರಿಸ್ತಾರೆ, ಹುಡುಗನ ಬಾಯಲ್ಲಿ ಪ್ರಸಂಗದ ಭಾಷೆ ಸಲೀಸು. ನಾನು ಒಂದು ಚೀಟೀಲಿ ಪಾಯಿಂಟ್ಸ್ ಬರೆದು ಕೊಟ್ಟಿದ್ದೆ, ಅವನು ಅದನ್ನ ಮಡಚಿ ಕಿಸೆಗೆ ಹಾಕಿ, ಕಾಲು ಮೇಲೆ ಕಾಲು ಹಾಕಿ ಶುರು ಮಾಡಿದ. "ಎಲೈ ಕ್ಯಾಮಿಲ್, ಬಾಲ್ಯದ ಗೆಳೆಯನೆಂದು ಇಷ್ಟು ಹೊತ್ತು ಸೈರಿಸಿದೆ. ಉತ್ತರಕ್ಕೆ ಆಸ್ಟ್ರಿಯಾದ ಸೇನೆ, ದಕ್ಷಿಣಕ್ಕೆ ಸ್ಪೇನ್, ಸಮುದ್ರದಲ್ಲಿ ಇಂಗ್ಲಿಷರ ಹಡಗು, ಒಳಗೆ ವಾಂಡೇಯ ದಂಗೆ. ಇಂಥ ಹೊತ್ತಿನಲ್ಲಿ ಕರುಣೆಯ ಮಾತಾಡುವ ನಿನ್ನ ನಾಲಿಗೆ ಯಾರ ಅನ್ನ ತಿಂದದ್ದು?" ಕ್ಲಾಸು ಹೋ ಅಂತು. ಪಕ್ಕದ ಕ್ಲಾಸಿನ ಮಾಸ್ತರು ಬಾಗಿಲಲ್ಲಿ ಇಣುಕಿ, ಗದ್ದಲಕ್ಕೆ ಬೈಯೋಕೆ ಬಂದವರು ಅಲ್ಲೇ ನಿಂತ್ರು.

ಕ್ಯಾಮಿಲ್ ಆಗಿದ್ದು ಒಬ್ಬ ಹುಡುಗಿ, ಜಾಸ್ತಿ ಮಾತಿಲ್ಲದವಳು, ಅವಳಿಗೆ ಆ ಭಾಷೆ ಬರಲ್ಲ, ಮನೆ ಮಾತಲ್ಲೇ ಕೇಳಿದ್ಲು. "ಜೈಲಲ್ಲಿ ಎರಡು ಲಕ್ಷ ಜನ ಇದ್ರಲ್ಲ, ಅವರೆಲ್ಲ ವೈರಿಗಳು ಅಂತ ನಿಂಗೆ ಯಾರು ಹೇಳಿದ್ರು?"

ಹುಡುಗ ಒಂದು ಸೆಕೆಂಡ್ ನಿಂತ. ಇದಕ್ಕೆ ಚೀಟೀಲಿ ಉತ್ತರ ಇಲ್ಲ, ನಾನೇ ಬರೆದಿರಲಿಲ್ಲ. ಆಮೇಲೆ ಹೇಳಿದ, "ಅವರಲ್ಲಿ ಯಾರು ವೈರಿಯಲ್ಲ ಎಂದು ನೀನು ಬಲ್ಲೆಯಾ? ಬಲ್ಲೆಯಾದರೆ ಹೆಸರು ಹೇಳು."

ಶಿಳ್ಳೆ, ಬೆಂಚು ಬಡಿತ, ಎಲ್ಲ ಆಯ್ತು. ಆ ಹುಡುಗಿ ಸ್ವಲ್ಪ ಹೊತ್ತು ನಿಂತ್ಲು, "ನಂಗೊತ್ತಿಲ್ಲ" ಅಂದ್ಲು, ಕೂತ್ಲು. ರೋಬೆಸ್ಪಿಯರ್ ಗೆದ್ದ ಅಂತ ಕ್ಲಾಸಿನ ತೀರ್ಪು.

ಆ ಹುಡುಗನ ಉತ್ತರ ಮನೆಗೆ ಬಂದ ಮೇಲೂ ತಲೇಲಿ ತಿರುಗ್ತಾ ಇತ್ತು. 1793ರ ಸೆಪ್ಟೆಂಬರ್ 17ರ ಶಂಕಿತರ ಕಾನೂನು ಅವನು ಓದಿಲ್ಲ, ನಾನಿನ್ನೂ ಹೇಳಿರಲೂ ಇಲ್ಲ. ಆ ಕಾನೂನಿನ ತಿರುಳು ಹೆಚ್ಚುಕಡಿಮೆ ಇದೇ. ನಡತೆಯಿಂದ, ಸಹವಾಸದಿಂದ, ಮಾತಿನಿಂದ, ಬರಹದಿಂದ ಸ್ವಾತಂತ್ರ್ಯದ ವೈರಿ ಅಂತ ಕಂಡವರು ಶಂಕಿತರು. ನಾಗರಿಕ ನಿಷ್ಠೆಯ ಸರ್ಟಿಫಿಕೇಟ್ ಸಿಗದೆ ಇದ್ದವರೂ ಶಂಕಿತರು. ನೀನು ತಪ್ಪು ಮಾಡಿದ್ದೀ ಅಂತ ನಾನು ತೋರಿಸಬೇಕಿಲ್ಲ, ಮಾಡಿಲ್ಲ ಅಂತ ನೀನು ತೋರಿಸು. ದೊಡ್ಡ ದೊಡ್ಡ ವಕೀಲರು ಕೂತು ಬರೆದ ಕಲಮು, ನಮ್ಮ ಹುಡುಗ ಒಂದು ಸೆಕೆಂಡಲ್ಲಿ, ಚಪ್ಪಾಳೆಗೋಸ್ಕರ, ತಾನಾಗೇ ತಲುಪಿಬಿಟ್ಟ. ಅವನು ಕೆಟ್ಟ ಹುಡುಗ ಅಲ್ಲವೇ ಅಲ್ಲ, ಮಳೇಲಿ ನಾಯಿಮರಿ ಹೊತ್ತು ತರುವವನು. ವಾದದ ಬಿಸೀಲಿ ಆ ದಾರಿ ಅಷ್ಟು ಹತ್ತಿರ ಇದೆ ಅಷ್ಟೇ.

ಇನ್ನೊಂದು, ಆ ಹುಡುಗಿ ಸೋತಿದ್ದು. ಅವಳು ಹೇಳಿದ್ದು ನಿಜ, ಅವಳಿಗೆ ಗೊತ್ತಿಲ್ಲ, ಯಾರಿಗೂ ಗೊತ್ತಿರಲಿಲ್ಲ, ರೋಬೆಸ್ಪಿಯರ್‌ಗೂ ಗೊತ್ತಿರಲಿಲ್ಲ. ಆದ್ರೆ ಸಭೆ ಎದುರಿಗೆ ಗೊತ್ತಿಲ್ಲ ಅಂದವರು ಸೋತ ಹಾಗೇ, ಅದು ತಾಳಮದ್ದಲೆ ಆಗ್ಲಿ, ರೋಬೆಸ್ಪಿಯರ್‌ನ ರಾಜಕೀಯ ಕೂಟವಾದ ಜಾಕೋಬಿನ್ ಕ್ಲಬ್ ಆಗ್ಲಿ. ಸಾಕ್ಷಿ ಕರೀಬೇಕು, ಆರೋಪಿಗೆ ವಕೀಲ ಇರ್ಬೇಕು, ಉತ್ತರ ಕೊಡೋಕೆ ಅವಕಾಶ ಬೇಕು, ಮೇಲ್ಮನವಿ ಬೇಕು, ಇದೆಲ್ಲ ಯಾಕಿದೆ ಅಂದ್ರೆ ಗೊತ್ತಿಲ್ಲ ಅನ್ನೋ ಮಾತಿಗೆ ಒಂದು ಜಾಗ ಮಾಡಿಕೊಡೋಕೆ ಅಂತ ನನಗೆ ಅನ್ಸುತ್ತೆ. ನಮ್ಮ ಸಮಾಜ ವಿಜ್ಞಾನದಲ್ಲೇ ಪೌರನೀತಿ ಅಂತ ಇದೆ, ನ್ಯಾಯಾಂಗ, ಮೂಲಭೂತ ಹಕ್ಕು, ಅದನ್ನ ಮಾಡುವಾಗ ನನಗೇ ಆಕಳಿಕೆ ಬರುತ್ತೆ, ಮಕ್ಕಳನ್ನೇನು ಹೇಳೋದು. ಫ್ರಾನ್ಸ್ ಪಾಠವನ್ನೂ ಇದನ್ನೂ ಬೇರೆ ಬೇರೆ ತಿಂಗಳಲ್ಲಿ ಮಾಡಿ ಮುಗಿಸ್ತೀವಿ, ಒಂದಕ್ಕೊಂದು ಸಂಬಂಧನೇ ಇಲ್ಲ ಅನ್ನೋ ಹಂಗೆ.

ಎರಡು ಕಾಲಂ

ಮರುದಿನ ಬೋರ್ಡಿನ ಮೇಲೆ ನಡುವೆ ಗೆರೆ ಎಳೆದೆ. ಎಡಗಡೆ ಅಪಾಯ, ಬಲಗಡೆ ಕಾನೂನು. ಹುಡುಗ ಹೇಳಿದ್ದೆಲ್ಲ ಎಡಗಡೆ ಬರೆದೆ, ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. 1793ರ ಬೇಸಿಗೇಲಿ ಫ್ರಾನ್ಸ್ ಉಳಿಯುತ್ತಾ ಅನ್ನೋ ಸ್ಥಿತಿ ಇತ್ತು. ಮೂರು ಲಕ್ಷ ಜನರನ್ನ ಸೈನ್ಯಕ್ಕೆ ಸೇರಿಸ್ಬೇಕು ಅಂದಿದ್ದಕ್ಕೆ ಪಶ್ಚಿಮ ಫ್ರಾನ್ಸಿನ ವಾಂಡೇಲಿ ರೈತರು ದಂಗೆ ಎದ್ದಿದ್ರು, ಲಿಯೋನ್ ಕೈ ತಪ್ಪಿತ್ತು, ತುಲೋನ್ ಬಂದರನ್ನ ಅಲ್ಲಿನವರೇ ಇಂಗ್ಲಿಷರಿಗೆ ಒಪ್ಪಿಸಿದ್ರು. ಧಾನ್ಯದ ರೇಟು ಏರಿ ಸರ್ಕಾರ ಗರಿಷ್ಠ ಬೆಲೆ ಕಾನೂನು ತಂತು. (ಈ ಬೆಲೆ ವಿಷಯ ಮಾತ್ರ ನಾನು ವಿವರಿಸೋದೇ ಬೇಕಾಗಲಿಲ್ಲ. ಟ್ರಾಲಿಂಗ್ ಬಂದ್ ಇರುವಾಗ ಬಂಗಡೆಗೆ ಸರ್ಕಾರ ರೇಟ್ ಕಟ್ಟಿದ್ರೆ ಏನಾಗುತ್ತೆ ಅಂದೆ. "ಆಯಿ ಬುಟ್ಟಿ ಮನೇಲಿಟ್ಟು, ಕತ್ತಲಾದ್ಮೇಲೆ ಗೊತ್ತಿದ್ದವರಿಗೆ ಮಾರ್ತಾಳೆ" ಅಂತ ಮುಂದಿನ ಬೆಂಚಿನವಳು. ಪ್ಯಾರಿಸ್ಸಲ್ಲೂ ಅದೇ ಆಗಿದ್ದು.)

ಆಮೇಲೆ ಎಡಗಡೆ ಕಾಲಂ ಮುಂದುವರೆಸಿದೆ. ಲಿಯೋನ್ ಅಕ್ಟೋಬರಲ್ಲಿ ವಾಪಸ್ ಸಿಕ್ತು. ತುಲೋನ್ ಡಿಸೆಂಬರಲ್ಲಿ. ವಾಂಡೇಯ ಮುಖ್ಯ ಸೈನ್ಯನೂ ಡಿಸೆಂಬರಲ್ಲೇ ಮುರಿದುಬಿತ್ತು. 1794ರ ಜೂನ್ ಕೊನೇಲಿ ಫ್ಲೂರಸ್ಸಲ್ಲಿ ಆಸ್ಟ್ರಿಯನ್ನರು ಸೋತ್ರು. ಎಡಗಡೆ ಅಪಾಯ ಇಳೀತಾ ಬಂತು. ಈಗ ಬಲಗಡೆ ನೋಡಿ ಅಂದೆ. 1793 ಮಾರ್ಚ್, ನ್ಯಾಯಮಂಡಳಿ. ಸೆಪ್ಟೆಂಬರ್, ಶಂಕಿತರ ಕಾನೂನು. 1794ರ ಏಪ್ರಿಲ್, ಡಾಂಟನ್, ಕ್ಯಾಮಿಲ್, ಎಂಟು ದಿನ ಬಿಟ್ಟು ಕ್ಯಾಮಿಲ್‌ನ ಹೆಂಡತಿ ಲೂಸಿಲ್. 1794ರ ಜೂನ್ 10, ಅವರ ಹೊಸ ಕ್ಯಾಲೆಂಡರಲ್ಲಿ ಪ್ರೇರಿಯಾಲ್ 22, ಆವತ್ತಿನ ಕಾನೂನು ಆರೋಪಿಗೆ ವಕೀಲ ಬೇಡ ಅಂತು, ಸಾಕ್ಷಿಗಳು ಇರಲೇಬೇಕು ಅಂತಿಲ್ಲ, ತೀರ್ಪು ಎರಡೇ, ಬಿಡುಗಡೆ ಇಲ್ಲಾ ಸಾವು. ಪ್ಯಾರಿಸ್ಸಿನ ಆ ನ್ಯಾಯಮಂಡಳಿ ಅದಕ್ಕೆ ಮುಂಚಿನ ಹದಿನೈದು ತಿಂಗಳಲ್ಲಿ ಸಾಯಿಸಿದ್ದು ಸುಮಾರು 1,250 ಜನರನ್ನ, ಆ ಕಾನೂನು ಬಂದ ಮೇಲಿನ ಏಳು ವಾರದಲ್ಲಿ ಸುಮಾರು 1,400.

ನಿನ್ನೆ ರೋಬೆಸ್ಪಿಯರ್ ಆಗಿದ್ದವನು ಬೋರ್ಡನ್ನೇ ನೋಡ್ತಾ ಇದ್ದ. "ಟೀಚರ್, ಅಪಾಯ ಕಮ್ಮಿ ಆದ್ಮೇಲೆ ಯಾಕೆ ಜಾಸ್ತಿ ಮಾಡಿದ್ರು?" ಅಂದ. ಇದಕ್ಕೆ ಇತಿಹಾಸಕಾರರೂ ಒಂದೇ ಉತ್ತರ ಕೊಟ್ಟಿಲ್ಲ. ಜೈಲು ತುಂಬಿದ್ದಕ್ಕೆ ಬೇಗ ಬೇಗ ಮುಗಿಸೋಕೆ ಅನ್ನುವವರಿದ್ದಾರೆ, ಮೇ ತಿಂಗಳಲ್ಲಿ ರೋಬೆಸ್ಪಿಯರ್ ಮನೆಗೇ ಒಬ್ಬಳು ಚಾಕು ಇಟ್ಕೊಂಡು ಬಂದಳು, ಆ ಹೆದರಿಕೆ ಅನ್ನುವವರಿದ್ದಾರೆ, ಆಗ ಆಡಳಿತ ನಡೆಸ್ತಿದ್ದ ಸಮಿತಿಯವರು ಒಬ್ಬರಿಗೊಬ್ಬರು ಹೆದರಿ ಅನ್ನುವವರೂ ಇದ್ದಾರೆ. ನನಗೆ ಕೊನೇದು ಜಾಸ್ತಿ ಸರಿ ಅನ್ಸುತ್ತೆ. ಜುಲೈ 26ಕ್ಕೆ ರೋಬೆಸ್ಪಿಯರ್ ಸಭೇಲಿ ನಿಂತು, ನಮ್ಮೊಳಗೇ ದ್ರೋಹಿಗಳಿದ್ದಾರೆ ಅಂದ, ಹೆಸರು ಹೇಳಿ ಅಂದ್ರೆ ಹೇಳಲಿಲ್ಲ. ಹೆಸರು ಹೇಳದೆ ಇದ್ದಿದ್ದಕ್ಕೆ ಪ್ರತಿಯೊಬ್ಬನೂ ತನ್ನದೇ ಇರ್ಬೇಕು ಅಂದ್ಕೊಂಡ. ಮರುದಿನ ಅವನನ್ನೇ ಹಿಡಿದ್ರು, ಅದರ ಮರುದಿನ ಇಪ್ಪತ್ತೊಂದು ಜನರ ಜೊತೆ ಅವನನ್ನೂ ಮುಗಿಸಿದ್ರು, ವಿಚಾರಣೆ ಇಲ್ಲದೇನೇ. ಕಾನೂನಿನ ಹೊರಗಿನವನು ಅಂತ ಘೋಷಿಸಿದ್ದರಿಂದ ಗುರುತು ಹಿಡಿದ್ರೆ ಸಾಕಿತ್ತು.

ಒಟ್ಟು ಲೆಕ್ಕ ಹೇಳಿದಾಗ ಒಂದು ಅಂಕಿ ಮಾತ್ರ ಕ್ಲಾಸನ್ನ ನಿಜವಾಗಿ ಅಲ್ಲಾಡಿಸ್ತು. ಇಡೀ ಫ್ರಾನ್ಸಲ್ಲಿ ಶಿಕ್ಷೆ ವಿಧಿಸಿ ಕೊಂದಿದ್ದು ಹದಿನಾರು ಹದಿನೇಳು ಸಾವಿರ ಜನರನ್ನ, ಜೈಲಲ್ಲಿ ಸತ್ತವರು, ವಾಂಡೇ ಯುದ್ಧದಲ್ಲಿ ಸತ್ತವರು, ನಾಂತ್‌ನ ನದೀಲಿ ದೋಣಿಗೆ ತುಂಬಿ ಮುಳುಗಿಸಿದವರು ಬೇರೆ. ಆ ಹದಿನಾರು ಸಾವಿರದಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಜನ ಮೂರನೇ ವರ್ಗದವರು. ರೈತರು, ಕೂಲಿಯವರು, ಅಂಗಡಿಯವರು. ಯಾರಿಗೋಸ್ಕರ ಕ್ರಾಂತಿ ಆಯ್ತೋ ಅವರೇ. ರಾಜನಿಗೆ ಚಪ್ಪಾಳೆ ಹೊಡೆದ ಮಕ್ಕಳು ಇದನ್ನ ಎರಡು ಸಲ ಕೇಳಿ ಖಾತ್ರಿ ಮಾಡ್ಕೊಂಡ್ರು.

ಇದರ ಜೊತೆಗೇ ಹೇಳಬೇಕಾದ್ದು, ಇದೇ ಸಭೆ 1794ರ ಫೆಬ್ರವರಿ 4ಕ್ಕೆ ವಸಾಹತುಗಳಲ್ಲಿ ಗುಲಾಮಗಿರಿ ತೆಗೆದುಹಾಕಿತು. ಅದನ್ನ ಬಿಟ್ಟು ಪಾಠ ಮಾಡಿದ್ರೆ ಸುಲಭ. ನಾನು ಬಿಡಲ್ಲ.

ನಮ್ಮ ಕಡೆ ಹೀಗಾಗಿಲ್ವಾ

ಕೇಳೇ ಕೇಳ್ತಾರೆ, ಅದರಲ್ಲೂ ಅಂಕೋಲೆಯ ಮಕ್ಕಳು. 1930ರಲ್ಲಿ ಇಲ್ಲಿ ಉಪ್ಪಿನ ಸತ್ಯಾಗ್ರಹ ಆಗಿದ್ದು, ಗುಜರಾತಿನ ಸತ್ಯಾಗ್ರಹದ ಊರಿನ ಹಾಗೆ ಕರ್ನಾಟಕದ ಬಾರ್ಡೋಲಿ ಅಂತ ಹೆಸರು ಬಂದಿದ್ದು ಭಾಷಣ ಸ್ಪರ್ಧೇಲಿ ಹೇಳಿ ಹೇಳಿ ಎಲ್ಲರಿಗೂ ಬಾಯಿಗೆ ಬರುತ್ತೆ. ಅದರ ಹಿಂದೆಯೇ ಬಂದ ಕರ ನಿರಾಕರಣೆ ಮಾತ್ರ ಅಷ್ಟು ಸ್ಪಷ್ಟ ಇರಲ್ಲ. ಅಂಕೋಲಾ, ಸಿದ್ದಾಪುರ, ಶಿರಸಿ ಕಡೆ ರೈತರು ತೀರ್ವೆ ಕಟ್ಟಲ್ಲ ಅಂದ್ರು, ಬ್ರಿಟಿಷ್ ಸರ್ಕಾರ ಜಮೀನು ಜಪ್ತಿ ಮಾಡಿ ಹರಾಜು ಹಾಕ್ತು. ನನಗೆ ಪಾಠಕ್ಕೆ ಬೇಕಾಗೋದು ಇಲ್ಲಿಂದ. ಹರಾಜಲ್ಲಿ ಕೊಂಡವರು ಯಾರು? ಹೊರಗಿನವರಲ್ಲ, ಊರವರೂ ಇದ್ರು. ಒಬ್ಬ ಜೈಲಲ್ಲಿದ್ದಾನೆ, ಅವನ ಗದ್ದೆ ಪಕ್ಕದವನು ಕಮ್ಮಿ ರೇಟಿಗೆ ಹಿಡಿದಿದ್ದಾನೆ. ದ್ರೋಹಿ ಅನ್ನೋಕೆ ಇದಕ್ಕಿಂತ ಏನು ಬೇಕು? ಸಿದ್ದಾಪುರದ ಹೆಂಗಸರು ಹೀಗೆ ಜಮೀನು ಕೊಂಡವರ ಮನೆ ಬಾಗಿಲಲ್ಲಿ ಉಪವಾಸ ಕೂತ್ರು. ಮಾವಿನಗುಂಡೀಲಿ ಅವರ ಸ್ಮಾರಕ ಇದೆ, ಜೋಗಕ್ಕೆ ಟೂರ್ ಹೋಗುವಾಗ ದಾರೀಲೇ ಸಿಗುತ್ತೆ, ಬಸ್ಸು ನಿಲ್ಲಿಸಿ ಅಂದ್ರೆ ಡ್ರೈವರ್ರು ಗೊಣಗ್ತಾರೆ.

ಆದ್ರೆ ನೋಡಿ ನಾವೆಷ್ಟು ಒಳ್ಳೆಯವರು ಅಂತ ಇದನ್ನ ಮುಗಿಸೋಕೆ ನನಗೆ ಮನಸ್ಸಿಲ್ಲ. ಸತ್ಯಾಗ್ರಹಿಗಳ ಕೈಯಲ್ಲಿ ಜೈಲಿರಲಿಲ್ಲ, ಕೋರ್ಟಿರಲಿಲ್ಲ, ಗಡೀಲಿ ನಾಲ್ಕು ದೇಶದ ಸೈನ್ಯನೂ ನಿಂತಿರಲಿಲ್ಲ. ಬೀಗ ನಿಮ್ಮ ಕೈಲಿ ಇಲ್ಲದೆ ಇರುವಾಗ ಯಾರನ್ನೂ ಒಳಗೆ ಹಾಕಲಿಲ್ಲ ಅನ್ನೋದು ದೊಡ್ಡ ಪರೀಕ್ಷೆ ಅಲ್ಲ. ಪರೀಕ್ಷೆ ಬಂದಿದ್ದು ಅಧಿಕಾರ ಬಂದ ಮೇಲೆ, 1937ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂತು, ಆಗ ನಮ್ಮ ಜಿಲ್ಲೆ ಮುಂಬೈಗೆ ಸೇರಿತ್ತಲ್ಲ. ಜಮೀನು ಕೊಂಡವರ ಪಟ್ಟಿ ಮಾಡಿ ಬಡೀಬಹುದಿತ್ತು. ಅದರ ಬದಲು 1938ರಲ್ಲಿ ಜಪ್ತಿಯಾದ ಜಮೀನು ವಾಪಸ್ ಕೊಡಿಸೋಕೆ ಒಂದು ಕಾನೂನು ಮಾಡಿದ್ರು. ಎಷ್ಟು ಬೋರಿಂಗ್ ಕತೆ ನೋಡಿ. ನಮ್ಮ ಮಕ್ಕಳ ಮುತ್ತಜ್ಜಂದಿರ ಗದ್ದೆಯ ಕತೆ ಇದು, ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬಳು ಮಾತ್ರ ಮನೇಲಿ ಅಜ್ಜನ ಹತ್ರ ಕೇಳ್ಕೊಂಡು ಬಂದ್ಲು, ಯಾರು ಕೊಂಡಿದ್ದು ಅಂತ ಅಜ್ಜನಿಗೆ ಗೊತ್ತಿದೆಯಂತೆ, ಹೆಸರು ಹೇಳಲಿಲ್ಲವಂತೆ, "ಈಗ ನಾವು ಅವರು ಮದುವೆ ಮುಂಜಿಗೆಲ್ಲ ಹೋಗಿ ಬಂದು ಮಾಡ್ತೀವಿ, ನಿಮ್ಮ ಅಕ್ಕೋರಿಗೆ ಅದೆಲ್ಲ ಎಂತಕ್ಕೆ" ಅಂದ್ರಂತೆ.

ಯೂನಿಟ್ ಟೆಸ್ಟಿಗೆ ಈ ಸಲ ಗೈಡಿನ ಪ್ರಶ್ನೆ ಕೊಡಲಿಲ್ಲ. 1794ರ ಜೂನ್ 10ರ ಕಾನೂನಿನಿಂದ ಆರೋಪಿಯು ಕಳೆದುಕೊಂಡದ್ದೇನು, ಎರಡು ಮಾರ್ಕು. ಬಹಳ ಮಕ್ಕಳು ವಕೀಲ, ಸಾಕ್ಷಿ ಅಂತ ಸರಿಯಾಗೇ ಬರೆದಿದ್ರು, ಕೆಲವರು ತಲೆ ಅಂತ ಬರೆದಿದ್ರು, ಅದನ್ನ ತಪ್ಪು ಅನ್ನೋಕಾಗಲ್ಲ. ಕ್ಯಾಮಿಲ್ ಆಗಿದ್ದ ಹುಡುಗಿ ಅರ್ಧ ಪುಟ ಬರೆದಿದ್ಲು, ಅಷ್ಟು ಅವಳು ಯಾವತ್ತೂ ಬರೆದವಳಲ್ಲ. ಹಿಂದಿನ ಬೆಂಚಿನ ಒಬ್ಬ ಬರೆದಿದ್ದು ಇಷ್ಟು, "ವಕೀಲರನ್ನು ತೆಗೆದುಹಾಕಿದರು. ಇದರಿಂದ ಸಮಯ ಮತ್ತು ಹಣ ಉಳಿಯಿತು." ತಮಾಷೆಗೆ ಬರೆದನೋ, ಬೇರೆ ಯಾವುದೋ ಪಾಠದ ಅನುಕೂಲಗಳ ಉತ್ತರ ತಂದು ಸೇರಿಸಿದನೋ ಗೊತ್ತಾಗಲಿಲ್ಲ. ಅವತ್ತು ಆ ಕಾನೂನನ್ನ ಸಭೇಲಿ ಮಂಡಿಸಿದವರೂ ವಿಳಂಬ ಆಗ್ತಿದೆ ಅಂತಲೇ ವಾದ ಮಾಡಿದ್ದು. ಒಂದೂವರೆ ಮಾರ್ಕು ಹಾಕಿದ್ದೀನಿ, ಕರೆದು ಕೇಳ್ಬೇಕು ಅಂತ ಇದ್ದೆ, ಅಷ್ಟರಲ್ಲಿ ಮತ್ತೆ ಡಿಸಿ ರಜೆ.